ಮರಿ ಕೂಗಿರೆ ಬಪ್ಪುದ್ ಯಾರ್

ನಮ್ಮ ಮನೆಯಲ್ಲಿ ಯಾರು ಮಾತಾಡಿದರೂ ಅದು ನಾನೇ ಇರಬಹುದು ಎಂಬ ಸಂಶಯ ಎಲ್ಲರಿಗೂ ಇತ್ತು. ಹಿತ್ತಲಲ್ಲಿ ಅಜ್ಜ ಕೆಮ್ಮಿದರೆ ಅಜ್ಜಿ ಮೊದಲು ನಾನೆಲ್ಲಿದ್ದೇನೆಂದು ನೋಡಿಕೊಂಡು ಆಮೇಲೆ ಕಷಾಯಕ್ಕೆ ನೀರಿಡುತ್ತಿದ್ದಳು. ಹಟ್ಟಿಯಲ್ಲಿ ಕರು ಕೂಗಿದರೆ ಅಮ್ಮ ಹುಲ್ಲು ಹಿಡಿದು ಹೋಗಿ, ಕರುವಿನ ಪಕ್ಕ ನಾನೂ ಕೂತದ್ದನ್ನು ಕಂಡು, ಇಬ್ಬರಲ್ಲಿ ಯಾರಿಗೆ ಹಾಕಲಿ ಎಂದು ಕೇಳುತ್ತಿದ್ದಳು. ನನ್ನ ದೊಡ್ಡ ಸಾಧನೆಯೆಂದರೆ ಮೀನಿನ ಸ್ಕೂಟರಿನವನ ಹಾರ್ನು. ರಸ್ತೆಯ ತಿರುವಿನಲ್ಲಿ ನಿಂತು ಮೂಗು ಒತ್ತಿ ಹಿಡಿದು ಅದನ್ನು ಊದಿದರೆ ಅಕ್ಕಪಕ್ಕದ ಹೆಂಗಸರು ತಟ್ಟೆ ಹಿಡಿದು ಬರುತ್ತಿದ್ದರು, ಅವರ ಹಿಂದೆ ಬೆಕ್ಕುಗಳು ಬಾಲ ಎತ್ತಿಕೊಂಡು. ಹೆಂಗಸರ ಬೈಗುಳ ಬೆನ್ನಿಗೆ ಬೀಳುವಾಗಲೂ ನನಗೆ ಬೆಕ್ಕುಗಳೂ ನಂಬಿದವಲ್ಲ ಎಂಬ ಹೆಮ್ಮೆ. ಈಗ ಬ್ರಹ್ಮಾವರದಿಂದ ಬೈಂದೂರಿನವರೆಗೆ ಮದುವೆ, ಶಾಲೆಯ ವಾರ್ಷಿಕೋತ್ಸವ ಎಂದು ಮೈಕ್ ಹಿಡಿದು ಊರವರ ಸ್ವರ ಊರವರಿಗೇ ಮಾರಿಕೊಂಡು ತಿರುಗುತ್ತೇನೆ. ಗುರುಗಳು ಯಾರು ಎಂದು ಕೇಳುತ್ತಾರೆ. ಆ ಬೆಕ್ಕುಗಳ ನೆನಪಾಗುತ್ತದೆ. ನನ್ನ ಸ್ವಂತ ಸ್ವರವನ್ನು ಮಾತ್ರ ಯಾರೂ ಕೇಳಬಯಸುವುದಿಲ್ಲ. ಅದು ಶೀತ ಹಿಡಿದ ಕೊಳಲಿನ ಹಾಗೆ ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ತೀರಿಹೋಗುತ್ತದೆ. ಚಿಕ್ಕಂದಿನಲ್ಲಿ ಇದೂ ಒಂದು ಕಲೆ ಎಂದು ನನಗೆ ಗೊತ್ತಿರಲಿಲ್ಲ. ಯಾವ ಸ್ವರ ಮಾಡಿದರೆ ಯಾರು ಬರುತ್ತಾರೆ ಎಂದು ನೋಡುವ ಚಟ, ಅಷ್ಟೆ.

ಬೈಂದೂರಿನಿಂದ ಕೊಲ್ಲೂರಿಗೆ ಹೋಗುವ ಬಸ್ಸಿನಿಂದ ನಡುವೆ ಇಳಿದು, ಗೇರುಮರಗಳ ದಿಬ್ಬ ಹತ್ತಿ ಇಳಿದರೆ ನಮ್ಮ ಮನೆ. ಮುಂದೆ ಗದ್ದೆ, ಗದ್ದೆಯ ಆಚೆ ಹಾಡಿ. ಹಾಡಿಯೆಂದರೆ ಕಾಡಿನ ಸೆರಗು. ಕಾಡು ಅಲ್ಲಿಂದ ನಮ್ಮನ್ನು ನೋಡುತ್ತಿತ್ತು, ನಾವು ಅದನ್ನು. ಚಾವಡಿಯ ಬಾಗಿಲ ಮೇಲೆ ಅಜ್ಜನ ಅಪ್ಪನ ಕಾಲದ ಕಡವೆಯ ಕೋಡು ಇತ್ತು. ಅದರ ಒಂದು ಕವಲಿಗೆ ಛತ್ರಿ, ಇನ್ನೊಂದಕ್ಕೆ ಅಜ್ಜನ ಹೆಗಲ ವಸ್ತ್ರ, ಬೈರಾಸು, ತುದಿಗೆ ನನ್ನ ಶಾಲೆಯ ನೀರಿನ ಬಾಟಲಿ. ಅಷ್ಟು ದೊಡ್ಡ ಮೃಗ ಅಷ್ಟು ಸಣ್ಣ ಕೆಲಸಕ್ಕೆ ಬಿದ್ದದ್ದು ನೋಡಿ ಪಾಪವೆನಿಸುತ್ತಿತ್ತು. ಕೋಡಿನ ಕೆಳಗೆ ಗೋಡೆಗೆ ಅಜ್ಜನ ತೋಟೆಕೋವಿ. ಬೆಳೆ ಕಾಯುವುದಕ್ಕೆಂದು ಪರವಾನಗಿ ಇದ್ದ ಕೋವಿ ಅದು. ಹಂದಿಯನ್ನು ಹೆದರಿಸಲು ಮಾತ್ರ ಎಂದು ಕಾನೂನಿಗೆ ಗೊತ್ತಿತ್ತು, ಅಜ್ಜನಿಗೂ ಗೊತ್ತಿತ್ತು, ಕೋವಿಗೆ ಯಾರೂ ಹೇಳಿದ ಹಾಗಿರಲಿಲ್ಲ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿಟ್ಟು ಬರಬೇಕು. ಮಗಳನ್ನು ಗಂಡನ ಮನೆಗೆ ಬಿಟ್ಟು ಬಂದವನ ಮುಖ ಮಾಡಿಕೊಂಡು ಅಜ್ಜ ಬಸ್ಸಿಳಿಯುತ್ತಿದ್ದ. ಹಿತ್ತಲಿನ ಅಂಚಿನಲ್ಲಿ ಮನೆಯ ದೈವ ಹಾಯ್ಗುಳಿಯ ಕಲ್ಲು. ಕೋವಿಗೂ ಆ ಕಲ್ಲಿಗೂ ಹಿರಿಯರ ಕಾಲದಿಂದ ಒಂದು ಕಟ್ಟಳೆ ಇತ್ತು: ಹೆಣ್ಣು ಮೃಗಕ್ಕೆ ಗುರಿ ಹಿಡಿಯಕೂಡದು. ಹಿಡಿದರೆ, ಈಡು ತಾಗಲಿ ಬಿಡಲಿ, ಕೋವಿ ಮನೆಯ ಹೊಸಿಲು ದಾಟಿ ಒಳಗೆ ಬರುವಂತಿಲ್ಲ. ಹಿಡಿದವನೇ ಅದನ್ನು ಕಲ್ಲಿನೆದುರು ಇಟ್ಟು, ಕಾಯಿ ಒಡೆದು, ತಪ್ಪು ಕಾಣಿಕೆ ಸಲ್ಲಿಸಿ, ಮಾಡಿದ್ದು ಏನೆಂದು ನಾಲ್ಕು ಜನ ಕೇಳುವ ಹಾಗೆ ಗಟ್ಟಿಯಾಗಿ ಹೇಳಬೇಕು. ಅಜ್ಜನ ಕಾಲದಲ್ಲಿ ಯಾರೂ ಹೇಳಿದ್ದಿಲ್ಲ. ಅದು ಅವನ ಜಂಬ.

ಅಪ್ಪಯ್ಯ ಮುಂಬೈಯಲ್ಲಿ ಇದ್ದರು, ಹೋಟೆಲಿನ ದೋಸೆ ಕಾವಲಿಯ ಎದುರು. ಅಜ್ಜ, ಅಜ್ಜಿ, ಅಮ್ಮ ಎಲ್ಲರನ್ನೂ ಏಕವಚನದಲ್ಲಿ ಕರೆದು ಅಪ್ಪಯ್ಯನಿಗೆ ಮಾತ್ರ ಯಾಕೆ ಬಹುವಚನ ಎಂದರೆ, ದೂರ ಇದ್ದವರಿಗೆ ಮರ್ಯಾದೆ ಕೊಡುವುದು ಸುಲಭ. ವರ್ಷಕ್ಕೊಮ್ಮೆ ಬರುತ್ತಿದ್ದವರು ಹಿಂದಿನ ವರ್ಷ ಬಂದಿರಲಿಲ್ಲ, ಆ ವರ್ಷದ ದೀಪಾವಳಿಗೂ ಬರಲಿಲ್ಲ. ಹೋಟೆಲಿನಲ್ಲಿ ಕೆಲಸಕ್ಕೆ ಜನ ಇಲ್ಲವಂತೆ. ಭಾನುವಾರ ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಫೋನು ಬರುತ್ತಿತ್ತು. ಮನೆಗೆಲ್ಲ ಒಂದೇ ಬಟನ್ ಮೊಬೈಲು, ಅದಕ್ಕೆ ನೆಟ್‌ವರ್ಕು ಸಿಗುತ್ತಿದ್ದದ್ದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ. ಹಾಗಾಗಿ ಗಂಡಹೆಂಡತಿಯ ಗುಟ್ಟೆಲ್ಲ ಎತ್ತರದಲ್ಲಿ ನಿಂತು, ಹಾಡಿಗೂ ಕೇಳುವಂತೆ. ಗುಟ್ಟಾದರೂ ಏನು? ಊಟ ಆಯ್ತಾ, ಎಂತ ಸಾರು, ಅಲ್ಲಿ ಸೆಕೆಯಾ. ಕೊನೆಗೆ ಅಮ್ಮ ಯಾವಾಗ ಎಂದು ಕೇಳುವಳು, ಆಚೆಯಿಂದ ಪ್ರತಿ ಸಲ ಬರುತ್ತೇನೆ, ನೋಡೋಣ ಎಂಬ ಅದೇ ಉತ್ತರ. ಫೋನಿಟ್ಟ ಮೇಲೆ ನಾನು ಕಲ್ಲು ಹತ್ತಿ ಸೊಂಟಕ್ಕೆ ಕೈಯಿಟ್ಟು ಅದನ್ನೇ ಅಪ್ಪಯ್ಯನ ಸ್ವರದಲ್ಲಿ ಹೇಳುತ್ತಿದ್ದೆ.

"ಅರೆ ಬಾಬಾ, ಬತ್ತೆ. ಕಾಂಬ."

ಅಮ್ಮ ನಗುತ್ತಿದ್ದಳು. ಇನ್ನೊಂದು ಸಲ ಹೇಳು ಎನ್ನುತ್ತಿದ್ದಳು. ಮೂರನೆಯ ಸಲ ನಾನು ಹೇಳಹೊರಟರೆ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆ ಸ್ವರಕ್ಕೆ ಜನ ಬರುವುದರ ಬದಲು ಹೋಗುತ್ತಾರೆ ಎಂಬುದು ನನಗೆ ದೊಡ್ಡ ಸೋಜಿಗ.

ಆ ಚಳಿಗಾಲ ಅಜ್ಜ ನನಗೆ ಎಲೆ ಊದುವುದನ್ನು ಕಲಿಸಿದ. ಎಳೆಯ ಬಿದಿರೆಲೆಯೊಂದನ್ನು ಎರಡು ಹೆಬ್ಬೆರಳ ನಡುವೆ ನೇರಕ್ಕೆ ಬಿಗಿಹಿಡಿದು ಊದಿದರೆ ಒಂದು ಕಿರುಚು ಹೊರಡುತ್ತದೆ. ಉಸಿರನ್ನು ಸ್ವಲ್ಪ ನಡುಗಿಸಿದರೆ ಅದು ಕಾಡುಕುರಿಯ ಮರಿ ತಾಯಿಯನ್ನು ಕಳಕೊಂಡು ಕೂಗಿದ ಹಾಗೇ. ಕಾಡುಕುರಿಯೆಂದರೆ ನನಗೆ ಆಗಲೇ ಬಹಳ ಪ್ರೀತಿ. ಹೆಸರಿಗೆ ಕುರಿ, ಜಾತಿಗೆ ಜಿಂಕೆ, ಹೆದರಿದರೆ ಬೊಗಳುವುದು ನಾಯಿಯ ಹಾಗೆ. ನನ್ನಂಥದೇ ಒಂದು ಪ್ರಾಣಿ ಕಾಡಿನಲ್ಲೂ ಇದೆಯಲ್ಲ ಎಂದು ಸಮಾಧಾನ. ನನ್ನ ಅಪ್ಪಯ್ಯನೂ ಸಣ್ಣವರಿದ್ದಾಗ ಇದೇ ಎಲೆ ಊದುತ್ತಿದ್ದರು, ನನಗಿಂತ ಚೆನ್ನಾಗಿ, ಎಂದು ಅಜ್ಜ ಚುಚ್ಚಿದ. ಅದಕ್ಕೇ ನಾನು ಹಠ ಹಿಡಿದು ಹಿತ್ತಲಲ್ಲಿ ಊದಿದ್ದೇ ಊದಿದ್ದು. ಒಂದು ವಿಚಿತ್ರ ಆಗುತ್ತಿತ್ತು. ನಾನು ಎಲೆ ಊದಿದಾಗೆಲ್ಲ ಅಮ್ಮ ಹೊರಗೆ ಬರುತ್ತಿದ್ದಳು. ಒಮ್ಮೆ ಸೌಟು ಹಿಡಿದು, ಒಮ್ಮೆ ಕೈತುಂಬ ಅಕ್ಕಿ ತೊಳೆದ ನೀರು ಸುರಿಸಿಕೊಂಡು. ಎಲೆಯೆಂದು ಗೊತ್ತಿದ್ದೂ ಬರುವಳು, ನನ್ನನ್ನು ಕಂಡು ಬೈದು ಒಳಗೆ ಹೋಗುವಳು, ಮತ್ತೆ ಊದಿದರೆ ಮತ್ತೆ ಬರುವಳು. ಬೆಕ್ಕುಗಳಾದರೂ ಎರಡನೆಯ ಸಲಕ್ಕೆ ಪಾಠ ಕಲಿತಿದ್ದವು.

ಕೊಯ್ಲು ಮುಗಿದ ಗದ್ದೆಯಲ್ಲಿ ಉದ್ದು ಬಿತ್ತಿದ್ದೆವು. ಚಿಗುರೆಲ್ಲ ಬೆಳಗಾಗುವಷ್ಟರಲ್ಲಿ ಬೋಳಾಗುತ್ತಿತ್ತು. ಬೆಳೆ ಕಾಯಲೇಬೇಕಲ್ಲ ಎಂದು ಕಾನೂನಿಗೆ ಕೇಳಿಸುವ ಹಾಗೆ ಹೇಳಿ ಅಜ್ಜ ಒಂದು ಬೆಳಿಗ್ಗೆ ಕೋವಿ ಇಳಿಸಿದ, ನನ್ನನ್ನೂ ಎಬ್ಬಿಸಿದ. ಅಂಚು ಕಾಣುವಷ್ಟು ಬೆಳಕು ಹರಿದಿತ್ತು, ಹುಲ್ಲಿನ ಮೇಲೆ ಇಬ್ಬನಿ. ಅಜ್ಜ ಕನ್ನಡಕವನ್ನು ಚಾವಡಿಯಲ್ಲೇ ಬಿಟ್ಟಿದ್ದ. ಗಾಜು ಹೊಳೆದರೆ ಮೃಗಕ್ಕೆ ತಿಳಿಯುತ್ತದಂತೆ. ಕನ್ನಡಕ ಇಲ್ಲದಿದ್ದರೆ ಮೃಗ ಅಜ್ಜನಿಗೆ ತಿಳಿಯುವುದು ಹೇಗೆ ಎಂದು ನಾನು ಕೇಳಿದೆ; ಬಾಯಿ ಮುಚ್ಚು ಎಂದ. ಹಾಡಿಯ ಅಂಚಿನ ಹುತ್ತದ ಹಿಂದೆ ಕೂತೆವು. ಅಜ್ಜ ಕಣ್ಣಲ್ಲೇ ಸನ್ನೆ ಮಾಡಿದ, ನಾನು ಎಲೆ ಊದಿದೆ. ಒಂದೇ ಉಸಿರು. ಎಲೆಯನ್ನು ತುಟಿಯಿಂದ ಇನ್ನೂ ತೆಗೆದಿರಲಿಲ್ಲ, ಪೊದೆ ಸೀಳಿಕೊಂಡು ಅದು ಬಂದೇಬಿಟ್ಟಿತು. ಕೆಂಪು ಮೈ, ನಡುಗುವ ಮೂಗು, ನನ್ನನ್ನೇ ಹುಡುಕುವ ಎರಡು ಕಣ್ಣು. ಹಣೆಯ ಮೇಲೆ ಎರಡು ಕಡೆ ಕಪ್ಪಗೆ ಏನೋ ಎದ್ದು ನಿಂತಿತ್ತು. ಕೋಡು ಎಂದು ಅಜ್ಜ ಉಸುರಿದ್ದೂ ಕೋವಿ ಹಾರಿದ್ದೂ ಒಟ್ಟಿಗೆ. ಹೊಗೆ ಕರಗಿದಾಗ ಪೊದೆಯಲ್ಲಿ ಯಾರೂ ಇರಲಿಲ್ಲ, ನೆಲದಲ್ಲಿ ಒಂದು ಹನಿ ರಕ್ತವೂ ಇರಲಿಲ್ಲ. ಗದ್ದೆಯಂಚಿನ ನಮ್ಮದೇ ಬಾಳೆಗಿಡ ಸೊಂಟ ಮುರಿದುಕೊಂಡು, ಬಲಿಯದ ಗೊನೆಯ ಸಮೇತ, ನಿಧಾನಕ್ಕೆ ಬಾಗಿ ಬಿತ್ತು. ಶಿಕಾರಿಯಿಂದ ನಾವು ಮನೆಗೆ ಹೊತ್ತು ತಂದದ್ದು ಆ ಗೊನೆಯನ್ನು.

ಚಾವಡಿಗೆ ಬಂದು ಕೂತ ಮೇಲೆ ಅಜ್ಜನ ಕಾಡುಕುರಿಗೆ ಕೋಡು ಬೆಳೆಯತೊಡಗಿತು. ಮೊದಲ ಸಲ ಹೇಳಿದಾಗ ಹೆಬ್ಬೆರಳಷ್ಟು, ಗಂಜಿ ಬರುವಷ್ಟರಲ್ಲಿ ಗೇಣುದ್ದ, ಗಂಜಿ ತಣಿಯುವಷ್ಟರಲ್ಲಿ ಅದು ಬಾಗಿಲ ಮೇಲಿನ ಕಡವೆಗೇ ತಮ್ಮನಾಗಿತ್ತು. ಇಂಥ ಗಂಡು ಮೃಗ ತಪ್ಪಿಹೋಯಿತಲ್ಲ ಎಂದು ಅವನಿಗೆ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚು. ಅಮ್ಮ ಒಳಗೆ ಕಾಯಿ ತುರಿಯುತ್ತಿದ್ದಳು. ಅಜ್ಜಿ ಹೊಸಿಲ ಮೇಲೆ ಕೂತು ಗೊನೆಯಿಂದ ಬಾಳೆಕಾಯಿ ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು. ಅಜ್ಜನನ್ನು ಬಿಟ್ಟು ನನ್ನತ್ತ ತಿರುಗಿ, ನೀನು ಯಾವ ಸ್ವರ ಮಾಡಿದೆ ಎಂದು ಕೇಳಿದಳು. ಮರಿಯದು ಎಂದೆ. ಬೇಕಾದರೆ ಈಗ ಮಾಡಿ ತೋರಿಸುತ್ತೇನೆಂದೆ. ಬೇಡ ಎಂದು ಕೈ ತೋರಿಸಿ, ಕತ್ತಿ ಕೆಳಗಿಟ್ಟಳು.

"ಹ್ವಾಯ್, ಮರಿ ಕೂಗಿರೆ ಬಪ್ಪುದ್ ಅಬ್ಬಿ ಅಲ್ದಾ? ಅಪ್ಪ ಯಾವತ್ತ್ ಬಂದಿದ?"

ಅಬ್ಬಿಯೆಂದರೆ ತಾಯಿ, ಅಜ್ಜಿಯ ಕಾಲದ ಮಾತು. ಹೇಳಿದ್ದು ಕಾಡಿನ ಮೃಗಕ್ಕೆ. ಆದರೆ ಒಳಗೆ ಕಾಯಿ ತುರಿಯುವ ಸದ್ದು ನಿಂತುಹೋಯಿತು. ಅಜ್ಜಿಗೂ ತನ್ನ ಬಾಯಿಂದ ಬಂದದ್ದು ಆಮೇಲೆ ಕೇಳಿಸಿರಬೇಕು. ಮುಂಬೈಯಲ್ಲಿದ್ದವರು ಅವಳ ಮಗನೇ ತಾನೆ. ಬಹಳ ಹೊತ್ತಿನ ಮೇಲೆ ತುರಿಯುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಅಜ್ಜಿ ಎದ್ದು, ಹೆಣ್ಣು ಕಾಡುಕುರಿಗೂ ಕೋಡಿರಬೇಕಾದಲ್ಲಿ ಕಪ್ಪು ಕೂದಲಿನ ಜುಟ್ಟು ಇರುತ್ತದೆ, ಕನ್ನಡಕ ಇಲ್ಲದವರಿಗೆ ಅದು ಕೋಡಾಗಿಯೇ ಕಾಣುತ್ತದೆ ಎಂದು ಹೇಳಿ, ಕೋವಿಯನ್ನು ಎರಡು ಬೆರಳಿನಲ್ಲಿ ಹಿಡಿದು ಹಟ್ಟಿಯಲ್ಲಿ ಎಮ್ಮೆಯ ಪಕ್ಕ ನಿಲ್ಲಿಸಿ ಬಂದಳು. ತಪ್ಪು ಕಾಣಿಕೆ ಇಡುವ ತನಕ ಅದು ಅಲ್ಲೇ. ಅಜ್ಜ ಇಡುವುದಿಲ್ಲ ಎಂದ. ಗಂಡಿಗೆ ಗುರಿ ಹಿಡಿದು ತಪ್ಪು ಕಾಣಿಕೆ ಇಟ್ಟರೆ ಹಾಯ್ಗುಳಿಯೇ ನಕ್ಕೀತು ಎಂದ.

ಅಲ್ಲಿಂದ ಇಬ್ಬರೂ ಮಾತು ಬಿಟ್ಟರು. ಹೇಳಬೇಕಾದ್ದನ್ನೆಲ್ಲ ನನ್ನ ಕೈಯಲ್ಲಿ ಹೇಳಿ ಕಳಿಸತೊಡಗಿದರು. ನನಗೆ ಅದಕ್ಕಿಂತ ದೊಡ್ಡ ಹಬ್ಬ ಇರಲಿಲ್ಲ. ಅಜ್ಜಿಯ ಮಾತನ್ನು ಅಜ್ಜಿಯ ಸ್ವರದಲ್ಲೇ, ಸೊಂಟ ಹಿಡಿದುಕೊಂಡು, ಅಜ್ಜನಿಗೆ ಮುಟ್ಟಿಸುವೆ. ಅಜ್ಜನ ಉತ್ತರವನ್ನು ಕೆಮ್ಮಿನ ಸಮೇತ ಅಡಿಗೆಮನೆಗೆ ತರುವೆ. ಗೋಡೆಯ ಆಚೆಯೇ ಕೂತವರು ಮೂಲವನ್ನೂ ಕೇಳಿ ನಕಲನ್ನೂ ಕೇಳಿ ಎರಡೆರಡು ಸಲ ಸಿಟ್ಟಾಗುತ್ತಿದ್ದರು. ಜಗಳ ಸಪ್ಪೆಯಾದ ದಿನ ನಾನೇ ಒಂದೆರಡು ಮಾತು ಸೇರಿಸಿದ್ದೂ ಉಂಟು. ಊಟಕ್ಕೆ ದಿನವೂ ಬಾಳೆಕಾಯಿ: ಪಲ್ಯ, ಹುಳಿ, ಮತ್ತೆ ಪಲ್ಯ. ಬಂಗುಡೆ ಬಂದ ದಿನವೂ ಅಜ್ಜನ ತಟ್ಟೆಯ ಬದಿಗೆ ಒಂದು ತುತ್ತು ಬಾಳೆಕಾಯಿ ಪಲ್ಯ ಬಂದು ಕೂರುತ್ತಿತ್ತು, ಅವನ ಶಿಕಾರಿಯ ಪಾಲು ಎಂದು. ಅಮ್ಮ ಮಾತ್ರ ಯಾವ ಪಕ್ಷಕ್ಕೂ ಸೇರಲಿಲ್ಲ. ಅವಳನ್ನು ಕೇಳಿದೆ, ಅದು ಹೆಣ್ಣೋ ಗಂಡೋ ಎಂದು. ತನಗೆ ಹೇಗೆ ಗೊತ್ತು, ತಾನು ನೋಡಿಲ್ಲವಲ್ಲ ಎಂದಳು. ನನ್ನ ತಲೆಯೊಳಗೆ ಅಜ್ಜಿಯ ಪ್ರಶ್ನೆಯ ಎರಡನೆಯ ಅರ್ಧ ಗುಂಯ್‌ಗುಡುತ್ತಿತ್ತು. ಅಬ್ಬಿ ಬರುವುದು ಹೌದು, ಅದನ್ನು ನಾನೇ ಹಿತ್ತಲಲ್ಲಿ ನೋಡಿದ್ದೆ. ಅಪ್ಪ ಬರುವುದಿಲ್ಲ ಎಂದು ಅಜ್ಜಿಗೆ ಹೇಗೆ ಗೊತ್ತು? ಯಾರಾದರೂ ಊದಿ ನೋಡಿದ್ದಾರಾ?

ಭಾನುವಾರ ಫೋನು ಬಂದಾಗ ಅಮ್ಮ ಹಟ್ಟಿಯಲ್ಲಿ ಸೆಗಣಿ ಬಾಚುತ್ತಿದ್ದಳು. ನಾನೇ ಕಲ್ಲು ಹತ್ತಿದೆ. ಆಚೆ ಕಾವಲಿಯ ಮೇಲೆ ನೀರು ಚಿಮುಕಿಸಿದ ಚುಂಯ್ ಸದ್ದು, ಯಾರೋ ಹಿಂದಿಯಲ್ಲಿ ಕೂಗುವುದು, ನಡುವೆ ಅಪ್ಪಯ್ಯನ ಹಲೋ. ನಾನು ಹಲೋ ಎನ್ನಲಿಲ್ಲ. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿ, ಜೇಬಿನಿಂದ ಬಿದಿರೆಲೆ ತೆಗೆದು ಊದಿದೆ. ನನಗೆ ಗೊತ್ತಿದ್ದಷ್ಟು ನಡುಕವನ್ನೆಲ್ಲ ಅದಕ್ಕೆ ಹಾಕಿದೆ. ಹಟ್ಟಿಯಿಂದ ಅಮ್ಮ ಸೆಗಣಿ ಕೈಯಲ್ಲೇ ಓಡಿ ಬಂದು ಕಲ್ಲಿನ ಬುಡದಲ್ಲಿ ನಿಂತಳು. ಫೋನಿನಲ್ಲಿ ಚುಂಯ್ ಸದ್ದು ನಿಂತಿತ್ತು. ಕಾವಲಿಯ ಮೇಲೆ ಯಾರದೋ ದೋಸೆ ಕರಟಿಹೋಗುವಷ್ಟು ಹೊತ್ತು ಆದ ಮೇಲೆ ಅಪ್ಪಯ್ಯ ಕೇಳಿದರು.

"ಬಿದ್ರ್ ಎಲೆಯಾ?"

"ಹ್ಞೂಂ."

"ಹೆಬ್ಬೆಟ್ಟ್ ಇನ್ನೂ ಚೂರ್ ಬಿಗಿ ಹಿಡಿ ಮಗಾ. ಕಡೀಗ್ ಗಾಳಿ ಸೋರ್ತಿತ್ತ್."

ಅಷ್ಟೇ ಹೇಳಿ ಫೋನಿಟ್ಟರು. ಬತ್ತೆ ಎಂದೂ ಇಲ್ಲ, ಕಾಂಬ ಎಂದೂ ಇಲ್ಲ. ಏನಂದರು ಎಂದು ಅಮ್ಮ ಕೇಳಿದಳು. ಗಾಳಿ ಸೋರುತ್ತದಂತೆ ಎಂದೆ. ಅಪ್ಪಯ್ಯನ ಸ್ವರದಲ್ಲಿ ಹೇಳಬೇಕೆಂದಿದ್ದೆ, ಆಗಲಿಲ್ಲ, ನನ್ನ ಮೂಗಿನ ಸ್ವರವೇ ಬಂತು. ಆ ದಿನ ಎಲೆಯನ್ನು ಎಮ್ಮೆಗೆ ತಿನ್ನಿಸಿದೆ. ಅಜ್ಜಿ ಹೇಳಿದ್ದು ಸರಿ, ಅಜ್ಜ ಹೊಡೆದದ್ದು ಹೆಣ್ಣಿಗೇ ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿದೆ. ಅಜ್ಜನಿಗೆ ಹೇಳಲಿಲ್ಲ, ಪಾಪ, ಅವನಿಗೆ ಉಳಿದದ್ದು ನನ್ನ ಒಂದು ಓಟು.

ಆ ವಾರ ಕಳೆಯುವುದರೊಳಗೆ, ಬೆಳಗಿನ ಗಂಜಿಯ ಹೊತ್ತಿಗೆ, ಗೇರುಮರಗಳ ದಿಬ್ಬ ಇಳಿದು ಒಬ್ಬರು ಬಂದರು. ಭುಜಕ್ಕೆ ಬ್ಯಾಗು, ಕೈಯಲ್ಲಿ ಮಿಠಾಯಿಯ ಪೆಟ್ಟಿಗೆ, ಇಡೀ ಹಾದಿ ಬಸ್ಸಿನ ಕಿಟಕಿಗೆ ಒರಗಿದ್ದ ಕೂದಲು ಒಂದು ಬದಿಗೆ ಎದ್ದು ನಿಂತು. ಮೊದಲು ನೋಡಿದ್ದು ನಾನು. ಕೂಗಬೇಕೆಂದರೆ ಯಾವ ಸ್ವರದಲ್ಲಿ ಕೂಗುವುದೆಂದೇ ತಿಳಿಯಲಿಲ್ಲ. ಅಮ್ಮ ಕೈಯಲ್ಲಿದ್ದ ಚೊಂಬನ್ನು ಎಲ್ಲಿಡುವುದೆಂದು ತಿಳಿಯದೆ ಅವರ ಕೈಗೇ ಕೊಟ್ಟು, ಕಾಲು ತೊಳಕೊಳ್ಳಿ ಎಂದು ಒಳಗೆ ಓಡಿದಳು. ಹಬ್ಬವಿಲ್ಲ, ಮದುವೆಯಿಲ್ಲ, ಏಕೆ ಬಂದಿರಿ ಎಂದು ಕೇಳಿದವರಿಗೆಲ್ಲ, ಹೋಟೆಲಿಗೆ ಬಣ್ಣ ಹೊಡೆಯುತ್ತಿದ್ದಾರೆ, ರಜೆ ಎಂದರು ಅಪ್ಪಯ್ಯ. ಅಜ್ಜ ಮಾತ್ರ ಏನೂ ಕೇಳಲಿಲ್ಲ. ಕಲ್ಲಿನ ಮೇಲೆ ನಾನು ಎಲೆ ಊದಿದ್ದನ್ನು ಅವನೂ ಕೇಳಿದ್ದನಲ್ಲ. ಅಪ್ಪಯ್ಯ ಚಾವಡಿಯಲ್ಲಿ ಕೂತು ನನ್ನನ್ನು ಮಂಡಿಯ ಮೇಲೆ ಎಳೆದುಕೊಂಡದ್ದೇ ತಡ, ಅಜ್ಜ ಬೈರಾಸು ಕೊಡವಿ ಹೆಗಲಿಗೆ ಹಾಕಿಕೊಂಡು, ಅಷ್ಟು ದಿನದ ಮೇಲೆ ಮೊದಲ ಸಲ, ನೇರ ಅಜ್ಜಿಗೇ ಹೇಳಿದ.

"ಕಾಣ್. ಮರಿ ಕೂಗಿರೆ ಅಪ್ಪನೂ ಬತ್ತ. ನಾನ್ ಹೊಡ್ದದ್ ಗಂಡೇ."

ಅಜ್ಜಿ ಮಗನ ಮುಖ ನೋಡಿದಳು, ಮಂಡಿಯ ಮೇಲಿದ್ದ ನನ್ನನ್ನು ನೋಡಿದಳು. ಅವಳು ಸೋತಳು ಎಂದೇ ನಾನೆಣಿಸಿದೆ. ಸೋತರೂ ಬೇಸರವಿಲ್ಲದ ಮುಖ ಅದು. ಬಾಯಲ್ಲಿದ್ದ ವೀಳ್ಯವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದಳು.

"ಅಪ್ಪ ಬಪ್ಪುದ್ ಹೌದ್. ಆರೆ ಅವ ರಜೆ ಕೇಂಡ್ಕಂಡ್, ಬಸ್ಸ್ ಹತ್ಕಂಡ್, ಮಿಠಾಯಿ ಕಟ್ಸ್ಕಂಡ್ ಬತ್ತ. ನಿಮ್ಮೆದ್ರ್ ಬಂದದ್ ಹ್ಯಾಂಗ್ ಬಂತ್, ಹೇಳಿ ಕಾಂಬ."

ಅಜ್ಜ ಬೈರಾಸನ್ನು ಹೆಗಲಿನಿಂದ ಇಳಿಸಿದ. ಎಲೆಯ ಒಂದೇ ಉಸಿರಿಗೆ ಮೃಗ ಬಂದದ್ದನ್ನು ಅವನು ಹೇಗೆ ಮರೆತಾನು? ಅಪ್ಪಯ್ಯನಿಗೆ ಈ ಜಗಳದ ಬುಡ ತುದಿ ಗೊತ್ತಿರಲಿಲ್ಲ. ನಾನು ಕಿವಿಯಲ್ಲಿ ಅಷ್ಟಿಷ್ಟು ಹೇಳಿದೆ. ಕೇಳಿ ನಕ್ಕವರು ನನ್ನ ಜೇಬಿಗೆ ಕೈಹಾಕಿದರು. ಎಮ್ಮೆಗೆ ತಿನ್ನಿಸಿದ್ದು ಒಂದನ್ನೇ, ಇನ್ನೂ ಒಂದು ಎಲೆ ಇತ್ತು, ಸ್ವಲ್ಪ ಬಾಡಿದ್ದು. ಹೆಬ್ಬೆರಳ ನಡುವೆ ಇಟ್ಟು ಎಳೆದು ಬಿಗಿ ಮಾಡಿ, ಹೀಗೆ ಎಂದು ನನಗೆ ತೋರಿಸಿ, ಊದಿದರು. ನಿಜ ಹೇಳುತ್ತೇನೆ, ನಾನು ಇವತ್ತಿಗೂ ಅಷ್ಟು ಚೆಂದಕ್ಕೆ ಊದಿದ್ದಿಲ್ಲ. ಗಾಳಿ ಸೋರಲಿಲ್ಲ. ಚಾವಡಿಯ ಹಂಚಿನ ಕೆಳಗೆ ಒಂದು ಮರಿ ಒಂಟಿಯಾಗಿ ಕೂಗಿತು. ಅದು ಮುಗಿಯುವ ಮೊದಲೇ ಒಳಗೆ ಪಾತ್ರೆ ಬಿದ್ದ ಸದ್ದು, ಬರಿಗಾಲಿನ ಸದ್ದು, ಹೊಸಿಲಲ್ಲಿ ಅಮ್ಮ. ಕೈಯಲ್ಲಿ ಸೌಟು, ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಅವಳ ಕಣ್ಣು ಯಾರನ್ನೂ ನೋಡದೆ ನೆಲದ ಮೇಲೆಲ್ಲ ನನ್ನನ್ನು ಹುಡುಕಿ, ಕೊನೆಗೆ ಅಪ್ಪಯ್ಯನ ಮಂಡಿಯ ಮೇಲೆ ಕಂಡಿತು.

"ಎಂತಾ ಆಯ್ತ್?" ಎಂದಳು.

ಏನೂ ಆಗಿರಲಿಲ್ಲ. ಯಾರೂ ನಗಲಿಲ್ಲ. ಅಜ್ಜ ಅವಳನ್ನೇ ನೋಡುತ್ತಿದ್ದ, ಹುತ್ತದ ಹಿಂದೆ ಕೂತು ನೋಡಿದ ಹಾಗೆ, ಆದರೆ ಈ ಸಲ ಕನ್ನಡಕ ಹಾಕಿಕೊಂಡು. ಎಲೆ ಹಿಡಿದು ಕೂತ ಗಂಡನನ್ನು ಕಂಡ ಮೇಲೆ ಅಮ್ಮನಿಗೆ ಎಲ್ಲ ಅರ್ಥವಾಗಿ, ನಾಚಿ, ಅಪ್ಪನಿಗೂ ಮಗನಿಗೂ ಒಟ್ಟಿಗೇ ಬೈಯುತ್ತ ತಿರುಗಿದಳು. ಅಜ್ಜ ಅವಳನ್ನು ನಿಲ್ಲಿಸಿ, ಒಂದು ಸುಲಿದ ಕಾಯಿ ಇದ್ದರೆ ಕೊಡು ಎಂದ. ದೊಡ್ಡದಿರಲಿ ಎಂದ.

ಮೆರವಣಿಗೆ ಹೊರಟೆವು. ಮುಂದೆ ಕಾಯಿ ಹಿಡಿದ ಅಜ್ಜ, ಅವನ ಹಿಂದೆ ಹಟ್ಟಿಯಿಂದ ಕೋವಿ ಬಿಡಿಸಿಕೊಂಡು ಬಂದ ಅಪ್ಪಯ್ಯ, ಕೊನೆಗೆ ನಾನು. ಹೆಂಗಸರು ಅಡಿಗೆಮನೆಯ ಕಿಟಕಿಯಲ್ಲಿ. ಕೋವಿಯನ್ನು ಅಜ್ಜನೇ ಇಸಿದುಕೊಂಡು ಹಾಯ್ಗುಳಿಯ ಕಲ್ಲಿನೆದುರು ಅಡ್ಡ ಮಲಗಿಸಿದ, ಅದಕ್ಕೆ ಎಮ್ಮೆಯ ವಾಸನೆ ಚೆನ್ನಾಗಿಯೇ ಹತ್ತಿತ್ತು. ಅಜ್ಜ ಕಾಯಿ ಒಡೆದ. ನೀರು ಕಲ್ಲಿನ ಮೇಲೆ ಹರಿಯಿತು. ಇನ್ನು ಗಟ್ಟಿಯಾಗಿ ಹೇಳುವುದೊಂದು ಬಾಕಿ. ಅಜ್ಜ ಕೈ ಮುಗಿದು ನಿಂತ, ಗಂಟಲು ಸರಿ ಮಾಡಿದ, ಕೆಮ್ಮಿದ, ಮತ್ತೆ ಗಂಟಲು ಸರಿ ಮಾಡಿದ. ಮಾತು ಬರಲಿಲ್ಲ. ಕಿಟಕಿಯಲ್ಲಿ ಬಳೆಯ ಸದ್ದು. ಕೊನೆಗೆ ಅವನು ತಲೆ ತಿರುಗಿಸದೆ, ತುಟಿಯ ಬದಿಯಿಂದ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ.

"ನೀನೇ ಹೇಳ್ ಮಗಾ. ನನ್ನ್ ಸ್ವರದಗೆ."

ಅಷ್ಟು ವರ್ಷ ಅಜ್ಜನ ಸ್ವರ ಮಾಡಿದ್ದಕ್ಕೆ ಎಷ್ಟೋ ಸಲ ಕಿವಿ ಹಿಂಡಿಸಿಕೊಂಡಿದ್ದೆ. ಅವನೇ ಕೇಳಿದ್ದು ಅದೊಂದೇ ಸಲ. ನಾನು ಅವನ ಕಾಲಿನ ಹಿಂದೆ ಸರಿದು ನಿಂತು, ಕೈ ಮುಗಿದು, ಎದೆಯೊಳಗಿನಿಂದ ಒಂದು ಕೆಮ್ಮು ತೆಗೆದೆ. ಅದು ಬಂದ ಮೇಲೆ ಮಿಕ್ಕದ್ದು ತನ್ನಷ್ಟಕ್ಕೆ ಬಂತು.

"ಹೆಣ್ಣಿಗ್ ಗುರಿ ಹಿಡ್ದೆ. ತಪ್ಪಾಯ್ತ್."

ಅಪ್ಪಯ್ಯ ಬಾಯಿಗೆ ಕೈ ಅಡ್ಡ ಹಿಡಿದು ಹಾಡಿಯ ಕಡೆಗೆ ತಿರುಗಿಕೊಂಡರು. ಅಜ್ಜ ಅಲುಗಾಡಲಿಲ್ಲ, ಮುಗಿದ ಕೈ ಹಾಗೇ ಇತ್ತು. ಅಜ್ಜ ಕೆಮ್ಮಿದಾಗೆಲ್ಲ ನಾನೆಲ್ಲಿದ್ದೇನೆಂದು ಮೊದಲು ನೋಡಿಕೊಳ್ಳುತ್ತಿದ್ದ ಅಜ್ಜಿ, ಆ ದಿನ ನನ್ನ ಕಡೆ ನೋಡಲೇ ಇಲ್ಲ.

"ಆಯ್ತ್," ಎಂದಳು, ಅಜ್ಜನಿಗೆ. "ಇನ್ ಕೋವಿ ಒಳ್ಗ್ ತಕಂಡ್ ಬನ್ನಿ. ಗಂಜಿ ತಣೀತ್."